ಐವತ್ತರ ಕುರ್ಚಿ

ಲೊಪೇತಿಗೆ ಐವತ್ತು ತುಂಬಿದ ಶನಿವಾರ ಬೆಳಗ್ಗೆ, ಆಕ್ಲೆಂಡಿನ ಮಾಂಗೆರೆಯಲ್ಲಿದ್ದ ಅವನ ಮನೆಯ ಮುಂದೆ ಒಂದು ವ್ಯಾನು ಬಂದು ನಿಂತು, ಅದರಿಂದ ಒಂದು ಕುರ್ಚಿ ಇಳಿಯಿತು. ಆ ದಿನ ಆದದ್ದಕ್ಕೆಲ್ಲ ಆ ಕುರ್ಚಿಯೇ ಕಾರಣ. ಮನುಷ್ಯರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಅವರೆಲ್ಲರ ಉದ್ದೇಶ ಒಳ್ಳೆಯದೇ ಆಗಿತ್ತು.

ಅದು ಕಂದು ಬಣ್ಣದ ಒರಗುಕುರ್ಚಿ. ಬಲಗಡೆ ಒಂದು ಹಿಡಿ. ಅದನ್ನು ಎಳೆದರೆ ‘ಕಟಕ್’ ಎಂದು ಬೆನ್ನು ಹಿಂದಕ್ಕೆ ಮಲಗುತ್ತಿತ್ತು, ಕೆಳಗಿಂದ ಒಂದು ಮೆತ್ತನೆಯ ಹಲಗೆ ಹಸುವಿನ ನಾಲಗೆಯ ಹಾಗೆ ಹೊರಗೆ ಬಂದು ಕಾಲನ್ನು ಎತ್ತಿಕೊಳ್ಳುತ್ತಿತ್ತು.

“ಹುಟ್ಟುಹಬ್ಬದ್ದು ಅಪ್ಪ. ನಂದೂ ಅಮ್ಮಂದೂ ಸೇರಿ,” ಎಂದಳು ಮಗಳು ಸೇಯಿನಿ. ರಗ್ಬಿ ಆಡುವ ಹುಡುಗಿ. ವ್ಯಾನಿನಿಂದ ಕುರ್ಚಿಯನ್ನು ಒಬ್ಬಳೇ ಎತ್ತಿ ತಂದಿದ್ದಳು. “ಕೂತ್ಕೊಂಡು ನೋಡು.”

ಟೋಂಗಾ ಬಿಟ್ಟು ಬಂದಾಗಿನಿಂದ ಲೊಪೇತಿಗೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಎತ್ತಿ ಇಳಿಸುವ ಕೆಲಸ. ಲೋಕದ ಎಲ್ಲ ದೇಶಗಳ ಭಾರವೂ ಅವನ ಬೆನ್ನಿನ ಮೇಲೆ ಹಾದುಹೋಗಿತ್ತು. ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಸೋಫಾದಲ್ಲಿ ಕೂರೋಣವೆಂದರೆ ಅಲ್ಲಿ ಯಾವಾಗಲೂ ಊರಿಂದ ಬಂದ ನೆಂಟರು. ಹಾಗಾಗಿ ಇಷ್ಟು ವರ್ಷ ಆ ಮನೆಯಲ್ಲಿ ಯಜಮಾನನ ಆಸನವೆಂದರೆ ಗ್ಯಾರೇಜಿನಲ್ಲಿ ಬೋರಲು ಹಾಕಿದ ಒಂದು ನೀಲಿ ಪ್ಲಾಸ್ಟಿಕ್ ಕ್ರೇಟು. ಯಾವಾಗಲೋ ಬ್ರೆಡ್ಡು ತುಂಬಿಕೊಂಡು ಬಂದು, ಹಿಂದಿರುಗುವುದನ್ನು ಮರೆತದ್ದು.

ಲೊಪೇತಿ ಕುರ್ಚಿಯಲ್ಲಿ ಕೂತ. ಹಿಡಿ ಎಳೆದ. ಕಟಕ್. ಅವನ ಬೆನ್ನಿನ ಮೂಳೆಗಳು, ಸಂಜೆ ಆಟ ಮುಗಿಸಿ ಮನೆಗೆ ಬರುವ ಮಕ್ಕಳ ಹಾಗೆ, ಒಂದೊಂದಾಗಿ ತಂತಮ್ಮ ಜಾಗಕ್ಕೆ ಬಂದು ಸೇರಿದವು. ತನ್ನ ಮನೆಯ ಸೂರನ್ನು ಅವನು ಅಷ್ಟು ನಿಧಾನವಾಗಿ ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು.

“ಸತ್ತರೆ ಇದರಲ್ಲೇ ಸಾಯ್ತೀನಿ,” ಎಂದ.

“ಮೊದಲು ಮಧ್ಯಾಹ್ನದ ಊಟಕ್ಕೆ ಹಂದಿ ಸುಡೋರು ಯಾರು ಅಂತ ಹೇಳಿ, ಆಮೇಲೆ ಸಾಯೋರಂತೆ,” ಎಂದಳು ಹೆಂಡತಿ ತೆಲೆಸಿಯಾ.

ಅಷ್ಟರಲ್ಲಿ ಫೋನು ಬಂತು. ತೆಲೆಸಿಯಾ “ಹೌದಾ? ಅಯ್ಯೋ, ಬನ್ನಿ ಬನ್ನಿ,” ಎಂದು ಇಟ್ಟವಳು ಗಂಡನ ಮುಖ ನೋಡದೆ ಹೇಳಿದಳು: “ಲಾವೀನಿಯಾ ಅಕ್ಕ. ಸಿಡ್ನಿಯಿಂದ ಬಂದಿಳಿದಿದಾರೆ. ಟ್ಯಾಕ್ಸಿ ಹತ್ತಿದ್ರಂತೆ.”

ಲೊಪೇತಿ ಕುರ್ಚಿಯಿಂದ ಎದ್ದ ವೇಗಕ್ಕೆ ಹಲಗೆ ತಾನಾಗಿಯೇ ಒಳಗೆ ಹೋಯಿತು.

ಲಾವೀನಿಯಾ ಅವನ ಸೋದರತ್ತೆಯ ಮಗಳು. ಕನ್ನಡಿಗರಿಗೆ ಸೋದರತ್ತೆಯ ಮಗಳೆಂದರೆ ಮದುವೆ ಚಪ್ಪರ ನೆನಪಾದೀತು. ಟೋಂಗಾದವರಿಗೆ ಮೈ ನಡುಗುತ್ತದೆ. ಅಲ್ಲಿ ಆಕೆ ಅಕ್ಕನೇ ಸರಿ, ಅಕ್ಕನಿಗಿಂತ ಒಂದು ಕೈ ಮೇಲೆಯೇ. ಆಕೆ ಆ ಮನೆಯ ‘ಫಹು’. ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಎತ್ತರದ ಆಸನ ಆಕೆಯದು. ಉಡುಗೊರೆಯಾಗಿ ಬಂದ ಚಾಪೆ, ಮರದ ತೊಗಟೆ ಬಡಿದು ಮಾಡಿದ ತೊಗಟೆಬಟ್ಟೆ, ಕೇಕಿನ ಮೇಲಿನ ಅಂತಸ್ತು ಎಲ್ಲ ಮೊದಲು ಆಕೆಯ ಕಾಲ ಬಳಿಗೆ. ಅದರ ಮೇಲೆ ಆಕೆ ಯಾವುದನ್ನಾದರೂ ನೋಡಿ ‘ಚೆನ್ನಾಗಿದೆ’ ಎಂದರೆ ಮುಗಿಯಿತು, ಅದೂ ಆಕೆಯದೇ. ಸೇಯಿನಿಯ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಬಂದಾಗ ಲಾವೀನಿಯಾ ಅಡುಗೆಮನೆಗೆ ನೀರು ಕುಡಿಯಲು ಹೋಗಿ, “ಫ್ರಿಜ್ಜು ಚೆನ್ನಾಗಿದೆ” ಎಂದಿದ್ದಳು. ಅದು ಒಳಗಿದ್ದ ಮಾಂಸದ ಸಮೇತ ಸಿಡ್ನಿಗೆ ಹಡಗು ಹತ್ತಿತು.

ಕೊಡಲಾರೆ ಎನ್ನುವ ತಮ್ಮ ಟೋಂಗಾದಲ್ಲಿ ಇನ್ನೂ ಹುಟ್ಟಿಲ್ಲ. ಲೊಪೇತಿಯೂ ಅಂಥವನಲ್ಲ. ಫ್ರಿಜ್ಜು ಹೋದಾಗ ಅವನಿಗೆ ನಿಜವಾಗಿ ಹೆಮ್ಮೆಯೇ ಆಗಿತ್ತು. ಆದರೆ ಈ ಕುರ್ಚಿ?

“ಮಂಡಿ ನೋವು, ಬರಲ್ಲ ಅಂದಿದ್ರಲ್ಲೇ!” ಎಂದ.

“ಅಂದಿದ್ರು. ಈಗ ಬಂದಿದಾರೆ. ಮಂಡಿನೂ ಜೊತೇಲೇ ಬಂದಿರುತ್ತೆ.”

“ಕುರ್ಚಿ ನೋಡಿದ್ರೆ ಬಿಡ್ತಾರಾ?”

“ನೀವೇ ಹೇಳಿ.”

ಲೊಪೇತಿ ಯೋಚಿಸಿದ. ಕೇಳಿದ್ದನ್ನು ಕೊಡದೆ ಇರುವುದು ಪಾಪ. ಕಾಣದ್ದನ್ನು ಆಕೆ ಕೇಳದೆ ಇದ್ದರೆ ಅದು ಯಾರ ಪಾಪವೂ ಅಲ್ಲ. ಪಾದ್ರಿಗಳನ್ನು ಕೇಳಿದರೆ ಬೇರೆ ಹೇಳಿಯಾರು, ಆದರೆ ಕೇಳಲು ಸಮಯವಿರಲಿಲ್ಲ.

ಹಿತ್ತಲಲ್ಲಿ ಹಂದಿ ಸುಡುವ ಕುಳಿಗೆ ಕಲ್ಲು ಜೋಡಿಸುತ್ತಿದ್ದ ಗೆಳೆಯ ಮಾಕಾನನ್ನು ಕೂಗಿದ. ಮಾಕಾ ಅವನ ಜೊತೆ ಪೆಟ್ಟಿಗೆ ಎತ್ತುವವನು. ಚರ್ಚಿನ ಸಮಾರಂಭಗಳಲ್ಲಿ ಮೈಕು ಹಿಡಿದು ಬಂದವರನ್ನೆಲ್ಲ ಹೊಗಳುವವನೂ ಅವನೇ. ಕೆಲಸ ಎರಡರಲ್ಲೂ ಒಂದೇ, ಎತ್ತುವುದು.

“ಮಾಕಾ, ಇದನ್ನ ಬೇಲಿ ಆಚೆ ದಾಟಿಸ್ಬೇಕು. ಯಾರಿಗೂ ಹೇಳೋ ಹಾಗಿಲ್ಲ.”

“ನನ್ನ ಬಾಯಿಂದಾನಾ? ಸಮಾಧಿ ಕಣೋ ಇದು, ಸಮಾಧಿ,” ಎಂದು ಮಾಕಾ ಬಾಯಿ ತಟ್ಟಿಕೊಂಡದ್ದು ಮೂರು ಮನೆ ಆಚೆಗೂ ಕೇಳಿಸಿತು.

ಬೇಲಿಯಾಚೆ ಫಿಜಿಯಿಂದ ಬಂದ ಫೂಲ್‌ಮತಿ ಆಂಟಿಯ ಮನೆ. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರು, ಏನು ತಂದರು ಎಂಬುದು ಆಕೆಗೆ ಗೊತ್ತಾಗದೆ ಇದ್ದ ದಿನ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ಬೇಲಿಯ ಮೇಲೆ ಕುರ್ಚಿ ತೇಲಿ ಬರುವುದನ್ನು ಕಂಡು ಆಕೆ ಸೌಟು ಹಿಡಿದೇ ಓಡಿ ಬಂದಳು.

“ಏನು ತಮ್ಮಾ ಇದು? ಕದ್ದ ಮಾಲಾ?”

“ನಂದೇ ಆಂಟಿ. ಒಂದು ದಿನದ ಮಟ್ಟಿಗೆ ನಿಮ್ಮ ಮನೇಲಿ ಇರ್ಲಿ. ಯಾರಾದ್ರೂ ಕೇಳಿದ್ರೆ...”

“ನಂದು ಅಂತೀನಿ. ಹೋಗು. ನಂಗೂ ಹೇಳ್ಕೊಡ್ತೀಯಾ?” ಎಂದು ಆಕೆ ಕುರ್ಚಿಯ ಮೇಲೆ ಹೂವಿನ ಚಾದರ ಹೊದಿಸಿದಳು.

ಲೊಪೇತಿ ಬೇಲಿ ದಾಟಿ ಈಚೆ ಬರುವುದಕ್ಕೂ ಟ್ಯಾಕ್ಸಿ ನಿಲ್ಲುವುದಕ್ಕೂ ಸರಿಹೋಯಿತು. ಮೊದಲು ಒಂದು ಊರುಗೋಲು ಇಳಿಯಿತು. ಆಮೇಲೆ ಲಾವೀನಿಯಾ ಇಳಿದಳು. ಹಡಗು ಬಂದರಿಗೆ ಬಂದ ಹಾಗೆ, ನಿಧಾನವಾಗಿ, ಸುತ್ತಲಿನವರೆಲ್ಲ ಹಿಂದೆ ಸರಿದು ಜಾಗ ಬಿಡುವ ಹಾಗೆ. ಅವಳ ಹಿಂದೆ ನಾಲ್ಕು ಪೆಟ್ಟಿಗೆಗಳು ಇಳಿದವು. ಒಂದೊಂದೂ ಸಣ್ಣ ಅಲಮಾರಿಯಷ್ಟಿತ್ತು.

“ನಾಲ್ಕು!” ಎಂದು ಮಾಕಾ ಉಸುರಿದ. “ಲೋ, ಎರಡು ದಿನದ ಹಬ್ಬಕ್ಕೆ ನಾಲ್ಕು ಪೆಟ್ಟಿಗೆ ಯಾಕೋ?”

“ಖಾಲಿ,” ಎಂದ ಲೊಪೇತಿ. ಪೆಟ್ಟಿಗೆಯ ವಿಷಯದಲ್ಲಿ ಅವನ ಮಾತೇ ಕೊನೆ. ದೂರದಿಂದ ನೋಡಿ, ಚಕ್ರ ಉರುಳುವ ಸದ್ದು ಕೇಳಿ, ಒಳಗೇನಿದೆ ಎಂದು ಹೇಳುವವನು ಎಂದು ನಿಲ್ದಾಣದಲ್ಲೆಲ್ಲ ಅವನಿಗೆ ಹೆಸರು. “ಹೋಗೋವಾಗ ತುಂಬಿಸ್ಕೊಂಡು ಹೋಗೋಕೆ ತಂದಿರೋದು.”

ಸೇಯಿನಿ ಒಂದನ್ನು ಎತ್ತಲು ಹೋಗಿ ಮುಖ ಕೆಂಪಾಗಿಸಿಕೊಂಡಳು. “ಅಪ್ಪಾ, ಇದು ಖಾಲಿ ಅಲ್ಲ!”

“ಒಂದರೊಳಗೊಂದು ಇಟ್ಟಿರ್ತಾರೆ ಮಗಳೇ,” ಎಂದ ಲೊಪೇತಿ, ಮತ್ತಷ್ಟು ಬೆವರುತ್ತ. “ನಾಲ್ಕಲ್ಲ, ಎಂಟಿದೆ.”

ಲಾವೀನಿಯಾ ಮುಂಬಾಗಿಲಿಂದ ಒಳಗೆ ಕಾಲಿಟ್ಟಳು. ಲೊಪೇತಿ ಆಕೆಗೆ ತಲೆಬಾಗಿ ಅಡುಗೆಮನೆಯ ಕಡೆ ಜಾರಿಕೊಂಡ. ತಪ್ಪಿಸಿಕೊಂಡದ್ದಲ್ಲ, ಅದು ಮರ್ಯಾದೆ. ಅಕ್ಕ ಕೂತ ಕೋಣೆಯಲ್ಲಿ ತಮ್ಮ ಕೂರುವುದಿಲ್ಲ. ಚರ್ಚಿನ ಸಭಾಂಗಣದಂಥ ಕಡೆ ಊರೆಲ್ಲ ಇರುವುದರಿಂದ ನಡೆಯುತ್ತದೆ. ಮನೆಯ ನಡುಕೋಣೆಯಲ್ಲಿ ಖಂಡಿತ ಇಲ್ಲ. ಬಾಗಿಲ ಮರೆಯಲ್ಲಿ ನಿಂತು ಮಾತಾಡಬಹುದು.

ಅಕ್ಕ ಸೋಫಾದಲ್ಲಿ ಕೂತು ನರಳಿದ್ದು ಕೇಳಿಸಿತು. “ಅಬ್ಬಾ, ಎಷ್ಟು ತಗ್ಗು ಇದು! ತೆಲೆಸಿಯಾ, ಡಾಕ್ಟ್ರು ಕಾಲು ಮೇಲಿಟ್ಕೊಂಡು ಕೂತ್ಕೋ ಅಂತಾರೆ. ಎಲ್ಲಿಡ್ಲಿ? ತಲೆ ಮೇಲಾ?”

“ಅಯ್ಯೋ ಪಾಪ,” ಎಂದಳು ತೆಲೆಸಿಯಾ.

“ತಮ್ಮಾ!” ಎಂದು ಲಾವೀನಿಯಾ ಗೋಡೆಗೆ ಕೂಗಿದಳು. “ಐವತ್ತಕ್ಕೆ ಹೆಂಡತಿ ಮಕ್ಕಳು ಏನು ಕೊಟ್ರೋ?”

ಲೊಪೇತಿ ಅಡುಗೆಮನೆಯ ಬಾಗಿಲ ಮರೆಗೆ ಇನ್ನಷ್ಟು ಸರಿದ. ಸುತ್ತ ನೋಡಿದ. ಕಾಲಿನ ಕಡೆ ನೋಡಿದ.

“ಚಪ್ಪಲಿ ಅಕ್ಕ.”

“ಎಲ್ಲಿ ನೋಡೋಣ.”

ಸೇಯಿನಿ ಬಂದು ಅಪ್ಪನ ಕಾಲಿಂದ ಹಳೆಯ ಚರ್ಮದ ಚಪ್ಪಲಿ ಬಿಚ್ಚಿಸಿಕೊಂಡು ಹೋದಳು. ಲೊಪೇತಿ ದೇವರನ್ನು ನೆನೆದ.

“ಮೆತ್ತಗಿದೆ ಕಣೇ. ಪಳಗಿರೋ ಚರ್ಮ. ಚೆನ್ನಾಗಿದೆ.”

ಆಯಿತು. ಅದು ಅವನ ಹತ್ತಿರವಿದ್ದ ಒಂದೇ ಜೊತೆ ಚಪ್ಪಲಿ. ಆಕೆ ಅಲ್ಲಿಯೇ ಮೆಟ್ಟಿಕೊಂಡಳು. ಇನ್ನುಳಿದದ್ದು ವಿಮಾನ ನಿಲ್ದಾಣದ ಕೆಲಸದ ಬೂಟು, ಮೂತಿಯಲ್ಲಿ ಕಬ್ಬಿಣವಿದ್ದದ್ದು. ಹೋಗಲಿ, ಕುರ್ಚಿ ಉಳಿಯಿತಲ್ಲ ಎಂದು ಲೊಪೇತಿ ಸಮಾಧಾನ ಮಾಡಿಕೊಳ್ಳುವಾಗ, ಹೊಸದಾಗಿ ಬಂದ ನೆಂಟರನ್ನು ನೋಡದೆ ಇರಲಾಗದೆ ಫೂಲ್‌ಮತಿ ಆಂಟಿ ಒಂದು ತಟ್ಟೆ ಸಿಹಿ ಹಿಡಿದು ಮುಂಬಾಗಿಲಿಗೇ ಬಂದಳು. ಬಂದವಳು ಸೋಫಾದ ಪಕ್ಕ ಕೂತು ಲಾವೀನಿಯಾಳ ಮಂಡಿಯನ್ನು ಮುಟ್ಟಿ ನೋಡಿದಳು, ತನ್ನ ಮಂಡಿಯನ್ನು ತೋರಿಸಿದಳು. ಇಬ್ಬರೂ ಲೋಕದ ಡಾಕ್ಟರುಗಳನ್ನೆಲ್ಲ ಬೈದರು.

ಹೊರಡುವಾಗ ಆಂಟಿ ಅಡುಗೆಮನೆಗೆ ಇಣುಕಿದಳು. ಕಣ್ಣು ಒದ್ದೆಯಾಗಿತ್ತು. “ತಮ್ಮಾ, ನಿಮ್ಮಕ್ಕನ ಮಂಡಿ ನೋಡಿದ್ಯಾ? ತೆಂಗಿನಕಾಯಿ ಆಗಿದೆ. ಸಂಜೆವರೆಗೂ ಆ ಚರ್ಚಿನ ಹಾಲ್‌ನಲ್ಲಿ ಮರದ ಕುರ್ಚೀಲಿ ಹೇಗೆ ಕೂರ್ತಾಳೆ? ನೀನು ಯೋಚನೆ ಮಾಡ್ಬೇಡ. ಎಲ್ಲ ನಾನು ನೋಡ್ಕೋತೀನಿ.”

ಲೊಪೇತಿ ಕುಳಿಯ ಹಂದಿಯ ಚಿಂತೆಯಲ್ಲಿದ್ದ. “ಆಯ್ತು ಆಂಟಿ, ತುಂಬಾ ಉಪಕಾರ,” ಎಂದುಬಿಟ್ಟ.

ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೇಬಲ್ಲುಗಳ ಮೇಲೆ ಸುಟ್ಟ ಹಂದಿಗಳು ಬಾಯಲ್ಲಿ ಸೇಬು ಕಚ್ಚಿಕೊಂಡು ಸಾಲಾಗಿ ಮಲಗಿದ್ದವು. ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಸೊಪ್ಪಿನ ವಾಸನೆಗೆ ಹೊರಗೆ ನಾಯಿಗಳೂ ಸಾಲು ಹಿಡಿದಿದ್ದವು. ಲೊಪೇತಿ ಬಿಳಿ ಅಂಗಿ, ಲುಂಗಿ, ಟೋಂಗಾದ ರೂಢಿಯಂತೆ ಸೊಂಟಕ್ಕೆ ಅಜ್ಜನ ಕಾಲದ ಚಾಪೆ ಸುತ್ತಿಕೊಂಡು ರಾಜನ ಹಾಗೆ ಬಂದ. ಮೊಣಕಾಲಿನವರೆಗೆ ರಾಜ. ಕೆಳಗೆ ಕಬ್ಬಿಣದ ಮೂತಿಯ ಬೂಟು, ಹೆಜ್ಜೆಗೊಮ್ಮೆ ‘ಧಡ್’.

ವೇದಿಕೆಯ ನಡುವೆ ಫಹುವಿನ ಆಸನ. ಬೆಲೆಬಾಳುವ ತೊಗಟೆಬಟ್ಟೆ ಹೊದಿಸಿ, ಹೂವಿನ ಹಾರ ಇಳಿಬಿಟ್ಟು, ಸಿಂಹಾಸನವನ್ನೇ ಮಾಡಿದ್ದರು. ಎಷ್ಟು ಚೆಂದ ಮಾಡಿದ್ದಾರೆ ಎಂದುಕೊಂಡ ಲೊಪೇತಿಯ ಕಣ್ಣು ಬಟ್ಟೆಯ ಬಲಗಡೆಯ ಮಡಿಕೆಗೆ ಹೋಯಿತು. ಅಲ್ಲಿ ಒಂದು ಹಿಡಿ ಇಣುಕುತ್ತಿತ್ತು.

ಅವನ ಎದೆ ಬೂಟಿಗಿಂತ ಜೋರಾಗಿ ‘ಧಡ್’ ಎಂದಿತು. ಮಾಕಾನ ಅಂಗಿ ಹಿಡಿದೆಳೆದ. “ಇದನ್ನ ಯಾರೋ ತಂದಿದ್ದು?”

“ನಾನೇ ತಂದೆ. ಆಂಟಿ ಹೇಳಿದ್ರು, ನೀನೇ ಒಪ್ಪಿದೀಯ ಅಂತ. ನಿಜ ಹೇಳ್ಲಾ, ಕಣ್ಣಲ್ಲಿ ನೀರು ಬಂತು ಕಣೋ. ಎಂಥಾ ತಮ್ಮ!”

“ಬಚ್ಚಿಡು ಅಂತಲ್ವೇನೋ ಕೊಟ್ಟಿದ್ದು!”

“ಬಚ್ಚಿಟ್ಟಿದೀನಲ್ಲ. ಒಂದಿಂಚು ಕಾಣುತ್ತಾ ನೋಡು.”

ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಲಾವೀನಿಯಾ ಬರುತ್ತಿದ್ದಳು. ಅದೇ ಹೊತ್ತಿಗೆ ಪಾದ್ರಿಗಳು ಕೈಯೆತ್ತಿ, “ಪ್ರಾರ್ಥಿಸೋಣ,” ಎಂದರು. ನಡೆಯುತ್ತಿದ್ದವರು ನಿಂತಲ್ಲೇ ನಿಂತರು. ಎಲ್ಲರ ಕಣ್ಣೂ ಮುಚ್ಚಿದವು.

ಲೊಪೇತಿಯ ಕಣ್ಣು ಮಾತ್ರ ತೆರೆಯಿತು. ಆ ಪಾದ್ರಿಗಳ ಪ್ರಾರ್ಥನೆ ಊರಲ್ಲಿ ಪ್ರಸಿದ್ಧವಾದದ್ದು. ಮೊದಲು ಟೋಂಗಾದ ಪ್ರತಿ ದ್ವೀಪಕ್ಕೂ ಹೋಗಿ ಆಶೀರ್ವದಿಸಿ, ಆಮೇಲೆ ಆಕ್ಲೆಂಡಿಗೆ ಬರುವಷ್ಟರಲ್ಲಿ ಹಂದಿ ಆರಿ ತಣ್ಣಗಾಗುತ್ತಿತ್ತು. ಕುರ್ಚಿ ಎಳೆದು ಮರೆಗೆ ಹಾಕಿ ಅಲ್ಲೊಂದು ಮರದ ಕುರ್ಚಿ ಇಡಲು ಬೇಕಾದಷ್ಟು ಸಮಯವಿತ್ತು. ಅವನು ಬೂಟು ಸದ್ದಾಗದ ಹಾಗೆ ಮಂಡಿಯೂರಿ, ಮಗುವಿನ ಹಾಗೆ ಅಂಬೆಗಾಲಿಡುತ್ತ ವೇದಿಕೆಯ ಮೇಲೆ ಹೋದ. ಕುರ್ಚಿಯ ಕಾಲನ್ನು ಎರಡೂ ಕೈಯಿಂದ ತಬ್ಬಿ ಎಳೆದ. ಬೆನ್ನು ಚಳಕ್ ಎಂದಿತು. ಅಲ್ಲಿಯೇ ಸಿಕ್ಕಿಕೊಂಡ.

ಅವತ್ತು ಪಾದ್ರಿಗಳಿಗೆ ಹಸಿವಾಗಿತ್ತೋ ಏನೋ. ಎರಡನೆಯ ದ್ವೀಪಕ್ಕೇ “ಆಮೆನ್,” ಎಂದುಬಿಟ್ಟರು.

ಎಲ್ಲರೂ ಕಣ್ಣು ತೆರೆದರು. ಐವತ್ತು ತುಂಬಿದ ಗಂಡಸು ಅಕ್ಕನ ಆಸನದ ಮುಂದೆ ಬೋರಲು ಬಿದ್ದು, ಅದರ ಕಾಲು ತಬ್ಬಿಕೊಂಡು, ಕಣ್ಣೀರು ಸುರಿಸುತ್ತಿದ್ದ.

ಸಭೆ ಉಸಿರು ಹಿಡಿಯಿತು. ಆಮೇಲೆ ಹಿಂದಿನ ಸಾಲಿನ ಅಜ್ಜಿಯೊಬ್ಬಳು ಬಿಕ್ಕಿದಳು. ಅವಳನ್ನು ನೋಡಿ ಪಕ್ಕದವಳು. ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. “ಪರದೇಶಕ್ಕೆ ಬಂದು ನಮ್ಮ ಮಕ್ಕಳು ಮರ್ಯಾದೆ ಮರೀತಿದಾರೆ ಅಂತೀವಲ್ಲ,” ಎಂದರು ನಡುಗುವ ದನಿಯಲ್ಲಿ, “ಇಲ್ಲಿ ನೋಡಿ!”

ಚಪ್ಪಾಳೆಗೆ ಕಿಟಕಿ ಅದುರಿತು. ನಾಲ್ಕು ಜನ ಬಂದು ಲೊಪೇತಿಯನ್ನು ಎತ್ತಿ ನಿಲ್ಲಿಸಿದರು. ತೆಲೆಸಿಯಾ ಅವನ ಸೊಂಟದ ಚಾಪೆ ಸರಿಮಾಡುವ ನೆಪದಲ್ಲಿ ಕಿವಿಯಲ್ಲಿ ಹೇಳಿದಳು: “ಎಳೆಯೋಕೆ ಆಗ್ಲಿಲ್ವಾ?”

“ಬೆನ್ನು,” ಎಂದ ಲೊಪೇತಿ.

ಲಾವೀನಿಯಾ ಕಣ್ಣೊರೆಸಿಕೊಂಡು ಬಂದು ಆಸನದಲ್ಲಿ ಕೂತಳು. ಕೂತವಳ ಮುಖದಲ್ಲಿ ಏನೋ ಬದಲಾಯಿತು. ಒಂದು ಸಲ ಹಿಂದಕ್ಕೆ ಒತ್ತಿ ನೋಡಿದಳು. ತೊಗಟೆಬಟ್ಟೆಯ ಮೇಲಿಂದ ಕೈಯಾಡಿಸಿದಳು. “ಇದು ಹಾಲ್‌ನದ್ದಾ?”

ಲೊಪೇತಿ ಬಾಯಿ ತೆರೆಯುವ ಮೊದಲೇ ಮೈಕಿನಲ್ಲಿ ಮಾಕಾನ ಸಮಾಧಿ ತೆರೆದುಕೊಂಡಿತು. “ಹಾಲ್‌ನದ್ದಲ್ಲ ತಾಯೀ! ನಮ್ಮ ಲೊಪೇತಿಗೆ ಐವತ್ತಕ್ಕೆ ಬಂದ ಉಡುಗೊರೆ! ತಾನು ಕೂರದೆ ಅಕ್ಕನಿಗೆ ಅಂತ ಕಳಿಸಿದಾನೆ! ಇಂಥಾ ತಮ್ಮ ಈ ಮಾಂಗೆರೇಲಿ ಇನ್ನೊಬ್ಬ ಇದ್ರೆ ತೋರಿಸಿ!”

“ಚಪ್ಪಲಿ ಅಂದಿದ್ದ,” ಎಂದಳು ಲಾವೀನಿಯಾ.

“ಆಶ್ಚರ್ಯ ಆಗ್ಲಿ ಅಂತ ಅಕ್ಕ,” ಎಂದ ಲೊಪೇತಿ. ಅವನಿಗೂ ಆಗಿತ್ತು.

ಇನ್ನು ಆಕೆ ಆ ಒಂದು ಮಾತು ಅನ್ನುವುದಷ್ಟೇ ಬಾಕಿ. ಲೊಪೇತಿ ಆಕೆಯ ತುಟಿಗಳನ್ನೇ ನೋಡುತ್ತ ನಿಂತ. ಭಾಷಣಗಳಾದವು, ಹಾಡುಗಳಾದವು, ಸೇಯಿನಿ ಮೈಗೆ ಎಣ್ಣೆ ಹಚ್ಚಿಕೊಂಡು ಕೈ ತಿರುವಿ ಕುಣಿದಳು, ಜನ ಸೀಟಿ ಹೊಡೆದರು. ಲೊಪೇತಿಗೆ ಒಂದೂ ಕಾಣಿಸಲಿಲ್ಲ.

ಕೊನೆಗೆ ಕೇಕು ಬಂತು. ಐದು ಅಂತಸ್ತಿನ ಕೇಕು. ಮೇಲಿನ ಅಂತಸ್ತನ್ನು ತಟ್ಟೆಯಲ್ಲಿಟ್ಟುಕೊಂಡು ಮಾಕಾ ಫಹುವಿನ ಮುಂದೆ ಮಂಡಿಯೂರಿ ತಲೆಬಾಗಿದ. ಕೇಕಿನ ಮೇಲೆ ಸಕ್ಕರೆಯಲ್ಲಿ ಬರೆದದ್ದೇನು ಎಂದು ನೋಡಲು ಲಾವೀನಿಯಾ ಮುಂದಕ್ಕೆ ಬಾಗಿದಳು. ಬಾಗುವಾಗ ಆಸರೆಗೆಂದು ಬಲಗೈಯಿಂದ ಏನನ್ನೋ ಹಿಡಿದಳು. ಅದು ಹಿಡಿಯೇ ಆಗಿತ್ತು.

ಕಟಕ್.

ಹಲಗೆ ಹಸುವಿನ ನಾಲಗೆಯ ಹಾಗಲ್ಲ, ಕತ್ತೆಯ ಕಾಲಿನ ಹಾಗೆ ಎದ್ದಿತು. ತಟ್ಟೆಯ ಅಡಿಗೆ ಬಡಿಯಿತು. ಕೇಕು ಬೆಚ್ಚಿದ ಕೋಳಿಯಂತೆ ಮೇಲೆ ಹಾರಿತು. ಅದೇ ಗಳಿಗೆಯಲ್ಲಿ ಲಾವೀನಿಯಾ ಹಿಂದಕ್ಕೆ ಮಲಗಿದಳು, ಕಾಲುಗಳು ಮೇಲೆ ಬಂದವು, ತೊಗಟೆಬಟ್ಟೆ ಎರಡೂ ಕಡೆಯಿಂದ ಮಡಚಿ ಆಕೆಯನ್ನು ಪೊಟ್ಟಣ ಕಟ್ಟಿತು. ಕೇಕು ಯೋಚಿಸಿಕೊಂಡು ಕೆಳಗಿಳಿದು ಆಕೆಯ ಎದೆಯ ಮೇಲೆ ಕೂತಿತು. ತಮ್ಮನ ಚಪ್ಪಲಿ ಮೆಟ್ಟಿದ ಎರಡು ಪಾದಗಳು ಮಾತ್ರ ಸಭೆಗೆ ದರ್ಶನ ಕೊಡುತ್ತಿದ್ದವು.

ಸುಟ್ಟ ಹಂದಿಗಳೂ ಉಸಿರು ಹಿಡಿದಂತಾಯಿತು. ಫಹು ಹೀಗೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಲೊಪೇತಿ ಹೋಗಿ ಎತ್ತುವ ಹಾಗಿಲ್ಲ. ಅಕ್ಕನ ಮೈ ಮುಟ್ಟಬಾರದು. ಹೆಂಗಸರು ಓಡಿ ಬಂದು ಕೈ ಹಾಕಿದರು. ಬಟ್ಟೆಯೊಳಗಿಂದ ಗಟ್ಟಿಯಾದ ದನಿ ಬಂತು: “ಬಿಡಿ! ಯಾರೂ ಮುಟ್ಬೇಡಿ! ಸ್ವಲ್ಪ ಹೊತ್ತು ಹೀಗೇ ಬಿಡಿ!”

ಕೋಪದಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡರು ಎಲ್ಲರೂ. ಲೊಪೇತಿಯ ಎದೆಯಲ್ಲಿ ಭಯದ ಹಿಂದೆಯೇ ಒಂದು ಸಣ್ಣ ಆಸೆ, ಬಾಗಿಲ ಸಂದಿಯಿಂದ ಇಣುಕುವ ಬೆಕ್ಕಿನ ಹಾಗೆ, ತಲೆ ಹಾಕಿತು. ಇಷ್ಟು ಅವಮಾನ ಮಾಡಿದ ಕುರ್ಚಿಯನ್ನು ಯಾರು ತಾನೇ ಬೇಕು ಎಂದಾರು?

ಬಹಳ ಹೊತ್ತಿನ ಮೇಲೆ ಲಾವೀನಿಯಾ ಕೈ ಚಾಚಿದಳು. ಹೆಂಗಸರು ಎಬ್ಬಿಸಿ ನಿಲ್ಲಿಸಿದರು. ಗಲ್ಲದ ಮೇಲೆ ಬಿಳಿ ಕ್ರೀಮು ಗಡ್ಡದ ಹಾಗೆ ಅಂಟಿತ್ತು. ಆಕೆ ಮಾಕಾನಿಂದ ಮೈಕು ಕಿತ್ತುಕೊಂಡಳು.

“ಎಲ್ಲರೂ ಕೇಳಿಸ್ಕೊಳ್ಳಿ. ಈ ಕುರ್ಚಿಯನ್ನ ನಾನು ಸಿಡ್ನಿಗೆ ತಗೊಂಡು ಹೋಗಲ್ಲ.”

ಸಭೆಯಲ್ಲಿ ಗುಸುಗುಸು ಎದ್ದಿತು.

“ಚಾಪೆಗಳನ್ನೂ ತಗೊಂಡು ಹೋಗಲ್ಲ. ತೊಗಟೆಬಟ್ಟೆನೂ ತಗೊಂಡು ಹೋಗಲ್ಲ. ಎಲ್ಲ ನನ್ನ ತಮ್ಮನ ಮನೇಲೇ ಇರ್ಲಿ. ಇಂಥಾ ತಮ್ಮ ಇರೋವಾಗ ನನಗೇನು ಕೊರತೆ?”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಭಾಂಗಣದ ಸೂರು ಹಾರಿಹೋಗುವಷ್ಟು ಗದ್ದಲವೆದ್ದಿತು. ಫಹು ಬರಿಗೈಯಲ್ಲಿ! ಹೆಂಗಸರು ಕೂಗು ಹಾಕುತ್ತ ಕುಣಿಯಲು ಎದ್ದರು, ಗಂಡಸರು ಟೇಬಲ್ಲು ಬಡಿದರು. ಲೊಪೇತಿಯ ಬೆನ್ನು ನೋವು ಎಲ್ಲಿ ಹೋಯಿತೋ! ಬೂಟುಗಾಲಲ್ಲೇ ಧಡಧಡ ಕುಣಿದ. ಐವತ್ತು ವರ್ಷದಲ್ಲಿ ಅವನು ಏನನ್ನಾದರೂ ಗೆದ್ದದ್ದು ಅದೇ ಮೊದಲು. ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಲಿಂದ ಅವನಿಗೆ ಕಂದು ಕುರ್ಚಿ ಕಾಣಿಸಿತು. ಮದುಮಗನು ಮದುಮಗಳನ್ನು ನೋಡುವ ಹಾಗೆ ನೋಡಿದ.

“ನಾನು ಹೊತ್ಕೊಂಡು ಹೋಗಿ ಮನೇಲಿ ಇಟ್ಟಿರ್ತೀನಿ ಅಪ್ಪ,” ಎಂದು ಸೇಯಿನಿ ಕೆಳಗಿಂದ ಕೂಗಿದಳು. “ಅತ್ತೆನೂ ಕರ್ಕೊಂಡು ಹೋಗ್ತೀನಿ.”

ಸಂಜೆ ಪಾತ್ರೆ ತೊಳೆದು, ನೆಲ ಒರೆಸಿ, ಎಲ್ಲರ ಕೈ ಕುಲುಕಿ ಲೊಪೇತಿ ಮನೆಗೆ ಬಂದ. ಬೂಟು ಕಳಚಿದ. ಕಾಲು ತೊಳೆದ. ಶುಭ್ರವಾದ ಲುಂಗಿ ಉಟ್ಟು, ದೊಡ್ಡ ಲೋಟದಲ್ಲಿ ಟೀ ಮಾಡಿಕೊಂಡು, ಗುನುಗುತ್ತ ನಡುಕೋಣೆಯ ಬಾಗಿಲಿಗೆ ಬಂದ.

ಬಾಗಿಲಲ್ಲೇ ನಿಂತ.

ಕುರ್ಚಿ ಕಿಟಕಿಯ ಪಕ್ಕ, ಟೀವಿಯ ಎದುರು, ಅವನು ಮನಸ್ಸಿನಲ್ಲೇ ಆರಿಸಿದ್ದ ಜಾಗದಲ್ಲಿತ್ತು. ಅದರಲ್ಲಿ ಲಾವೀನಿಯಾ ಕಾಲು ಮೇಲೆ ಮಾಡಿ ಒರಗಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. ಮುಖದಲ್ಲಿ ಎಳೆಗೂಸಿನ ನೆಮ್ಮದಿ. ನೆಲದ ಮೇಲೆ ನಾಲ್ಕು ಪೆಟ್ಟಿಗೆಗಳೂ ತೆರೆದಿದ್ದವು. ಒಂದರಲ್ಲಿ ಬಟ್ಟೆಗಳು. ಒಂದರಲ್ಲಿ ಪಾತ್ರೆಗಳು. ಇನ್ನೊಂದರಲ್ಲಿ ಬೈಬಲ್ಲು, ಗೋಡೆ ಗಡಿಯಾರ, ಸತ್ತ ಗಂಡನ ಕಟ್ಟು ಹಾಕಿಸಿದ ಫೋಟೋ. ನಾಲ್ಕನೆಯದರಿಂದ ಸೇಯಿನಿ ಕಿಟಕಿಯ ಪರದೆಗಳನ್ನು ತೆಗೆಯುತ್ತಿದ್ದಳು.

“ತಮ್ಮಾ, ಬಂದ್ಯಾ?” ಎಂದಳು ಲಾವೀನಿಯಾ, ಕಣ್ಣು ತೆರೆಯದೆ. “ಸಿಡ್ನಿ ಮನೆ ಬಿಟ್ಟು ಬಂದ್ಬಿಟ್ಟೆ ಕಣೋ. ಒಬ್ಬಳೇ ಎಷ್ಟು ದಿನ ಅಂತ ಗೋಡೆ ನೋಡ್ಲಿ? ನಿಮ್ಮನೇಲಿ ಈ ಕಾಲು ಎಲ್ಲಿಡೋದು ಅನ್ನೋದೊಂದೇ ಚಿಂತೆಯಾಗಿತ್ತು. ಮಾತೆತ್ತೋಕೂ ಭಯವಾಗಿತ್ತು, ನಿಂಗೆ ಭಾರ ಆಗ್ತೀನೇನೋ ಅಂತ. ಅಲ್ಲಿ ಹಾಲ್‌ನಲ್ಲಿ ಹಿಂದಕ್ಕೆ ಬಿದ್ನಲ್ಲ, ಮೂರು ವರ್ಷದಲ್ಲಿ ಮೊದಲನೇ ಸಲ ಮಂಡಿ ನೋವು ನಿಂತ್ಹೋಯ್ತು. ಅವಾಗ್ಲೇ ತೀರ್ಮಾನ ಮಾಡ್ದೆ. ನನ್ನ ತಮ್ಮ ನನ್ನ ಮಂಡಿ ನೆನೆಸ್ಕೊಂಡೇ ಇದನ್ನ ತರಿಸಿದಾನೆ ಅಂತ.”

ಲೊಪೇತಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಇಷ್ಟು ವರ್ಷ ಪೆಟ್ಟಿಗೆ ಎತ್ತಿದವನಿಗೆ ತುಂಬಿದ ಪೆಟ್ಟಿಗೆ ಗೊತ್ತಾಗದೆ ಹೋಯಿತಲ್ಲ ಎಂಬ ನಾಚಿಕೆಗೋ, ಅಕ್ಕನ ದನಿ ನಡುಗಿದ್ದಕ್ಕೋ, ತಲೆ ತಗ್ಗಿಸಿ ಟೀ ಲೋಟವನ್ನೇ ನೋಡಿದ. ಅವನು ಒಳ್ಳೆಯವನಾಗಿದ್ದ. ಅದೇ ಅವನ ತೊಂದರೆ.

“ನಿಮ್ಮ ಮನೆ ಅಕ್ಕ,” ಎಂದ. ಮನಸ್ಸಿನಿಂದಲೇ ಅಂದ.

ಆಮೇಲೆ ನೆನಪಾಯಿತು. ಅಕ್ಕ ಕೂತ ಕೋಣೆಯಲ್ಲಿ ತಮ್ಮ ಕೂರುವ ಹಾಗಿಲ್ಲ. ಕುರ್ಚಿ ಹೋದದ್ದಷ್ಟೇ ಅಲ್ಲ. ಕಿಟಕಿ, ಟೀವಿ, ಸೋಫಾ, ಬೆಳಗ್ಗೆ ನಿಧಾನವಾಗಿ ನೋಡಿದ್ದ ಸೂರು, ಎಲ್ಲವೂ ಹೋಗಿದ್ದವು. ಅದೂ ಇನ್ನು ಮೇಲೆ ಪ್ರತಿದಿನ. ಅವನು ಟೀ ಲೋಟ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಅಡುಗೆಮನೆ ದಾಟಿ ಗ್ಯಾರೇಜಿಗೆ ಬಂದ. ಮೂಲೆಯಲ್ಲಿ ನೀಲಿ ಕ್ರೇಟು ಕಾಯುತ್ತಿತ್ತು. ಅದರ ಮೇಲೆ ಕೂತ.

ಅಷ್ಟರಲ್ಲಿ ಮಾಕಾ ಬೀದಿಯ ಗಂಡಸರನ್ನೆಲ್ಲ ಕಟ್ಟಿಕೊಂಡು, ಕಾವಾ ಪಾನೀಯದ ಮರದ ಬೋಗುಣಿ ಹೊತ್ತುಕೊಂಡು ಗ್ಯಾರೇಜಿಗೆ ನುಗ್ಗಿದ. ಎಲ್ಲರೂ ನೆಲದ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಲೊಪೇತಿ ಕ್ರೇಟಿನ ಮೇಲೆ, ನಡುವೆ, ಎಲ್ಲರಿಗಿಂತ ಎತ್ತರದಲ್ಲಿ.

“ಹೇಳೋ ಗೆದ್ದವನೇ! ಫಹು ಕೈಯಿಂದ ಹೇಗೆ ಉಳಿಸ್ಕೊಂಡೆ?”

“ನಮ್ಮಕ್ಕ ಮುಂದಿನ ತಿಂಗಳು ಬರ್ತಾಳೆ, ನನಗೂ ಸ್ವಲ್ಪ ಹೇಳ್ಕೊಡಪ್ಪ.”

“ಕುರ್ಚಿ ಮನೇಲೇ ಇದೆ ತಾನೆ?”

“ಇದೆ,” ಎಂದ ಲೊಪೇತಿ. ಅದು ಸುಳ್ಳಲ್ಲ. ಮೊದಲ ಚಿಪ್ಪು ಕಾವಾ ಅವನಿಗೇ ಕೊಟ್ಟರು. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಆ ಕಣ್ಣುಗಳಲ್ಲಿದ್ದ ಗೌರವ ನೋಡಿ ಅವನಿಗೆ ನಿಧಾನವಾಗಿ ಮತ್ತೆ ಎದೆ ಉಬ್ಬಿತು. ಕ್ರೇಟಾದರೇನು, ಇವತ್ತಿನ ಮಟ್ಟಿಗೆ ಇದೇ ಸಿಂಹಾಸನ ಎಂದುಕೊಂಡ. ಬೆನ್ನು ನೆಟ್ಟಗೆ ಮಾಡಿ ಕೂತ.

ಒಳಗಿಂದ ‘ಕಟಕ್’ ಎಂದು ಕೇಳಿಸಿತು. ಹಿಂದೆಯೇ ಗ್ಯಾರೇಜಿನ ಬಾಗಿಲಲ್ಲಿ ತೆಲೆಸಿಯಾ ಕಾಣಿಸಿಕೊಂಡಳು. ಈ ಸಲವೂ ಗಂಡನ ಮುಖ ನೋಡಲಿಲ್ಲ.

“ರೀ, ಅಕ್ಕಂಗೆ ಟೀ ಲೋಟ ಇಡೋಕೆ ಪಕ್ಕದಲ್ಲಿ ಏನಾದ್ರೂ ಬೇಕಂತೆ. ಬೆಳಗ್ಗೆ ಬರೋವಾಗ ಇಲ್ಲೊಂದು ನೀಲಿ ಕ್ರೇಟು ನೋಡಿದ್ರಂತೆ.” ಸ್ವಲ್ಪ ತಡೆದಳು. “ಚೆನ್ನಾಗಿದೆ ಅಂದ್ರು.”

ಲೊಪೇತಿ ಎದ್ದ. ಕ್ರೇಟನ್ನು ಲುಂಗಿಯ ತುದಿಯಿಂದ ಒರೆಸಿ ಹೆಂಡತಿಯ ಕೈಗೆ ಕೊಟ್ಟ. ನೆಲದ ಮೇಲೆ ಕೂರಲು ಬೆನ್ನು ಬಿಡುತ್ತಿರಲಿಲ್ಲ.

“ಮಾಂಗೆರೆಯ ಸಿಂಹಕ್ಕೆ!” ಎಂದು ಮಾಕಾ ಚಿಪ್ಪು ಎತ್ತಿದ. ಎಲ್ಲರೂ ಎತ್ತಿದರು. ಸಿಂಹ ಗೋಡೆಗೆ ಒರಗಿ, ನಿಂತುಕೊಂಡೇ ಕುಡಿಯಿತು.